ಬಿಸಿಲೇರಿದಾಗ ಸರಿದ ಗಡಿ

ಕೊಪ್ಪದಲ್ಲಿ ನಾನು ಭೂಮಾಪಕಿ. ಸರಪಳಿ ಎಳೆದು ಅಳೆಯುವುದನ್ನು ಕಲಿತು ಈ ಕೆಲಸಕ್ಕೆ ಬಂದವಳು. ಈಗ ಉದ್ದದ ಕೋಲಿನ ತುದಿಗೆ ಜಿಪಿಎಸ್ ಯಂತ್ರ ಸಿಕ್ಕಿಸಿಕೊಂಡು ಹೋಗುತ್ತೇನೆ. ಕೋಲನ್ನು ನೆಲಕ್ಕೂರಿ ಸ್ವಲ್ಪ ಹೊತ್ತು ಅಲುಗದೆ ನಿಂತರೆ, ನಿಂತ ಜಾಗ ಯಾವುದೆಂದು ಬೆರಳಗಲದ ಲೆಕ್ಕದಲ್ಲಿ ಅದು ಹೇಳಿಬಿಡುತ್ತದೆ. ಅದರ ಮಾತನ್ನು ನಾನು ಮೊದಲ ಸಲ ಅನುಮಾನಿಸಿದ್ದು ಕಡಹಿನಬೈಲಿನಲ್ಲಿ, ಮಾತು ಬಿಟ್ಟಿದ್ದ ಅಕ್ಕ ತಮ್ಮಂದಿರ ನಡುವೆ ನಿಂತಿದ್ದಾಗ.

ಅಪ್ಪ ತೀರಿಕೊಂಡ ಮೇಲೆ ಇಬ್ಬರೂ ಜಮೀನು ಪಾಲು ಮಾಡಿಕೊಂಡಿದ್ದರು. ಕಾಗದದಲ್ಲಿ ಎಳೆದ ಗೆರೆಯನ್ನು ನೆಲದಲ್ಲಿ ತೋರಿಸಿ ಗೂಟ ಹೊಡೆಯುವುದು ನನ್ನ ಕೆಲಸ. ಉಳಿದದ್ದಕ್ಕೆಲ್ಲ ಇಬ್ಬರೂ ಒಪ್ಪಿದ್ದರು. ಅಪ್ಪ ತೆಗೆಸಿದ್ದ ಬೋರ್‌ವೆಲ್ ಯಾರಿಗೆ ಎಂಬುದೊಂದೇ ಜಗಳ. ಅದು ಗೆರೆಗೆ ಅಷ್ಟು ಹತ್ತಿರವಿತ್ತು. ಅಕ್ಕ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವರು. ಬೆಂಡೆ, ಅಲಸಂದೆ ಬೆಳೆದು ಬಾಳೆಹೊನ್ನೂರಿನ ಅಂಗಡಿಗಳಿಗೆ ಕೊಡುತ್ತಿದ್ದರು. ತಮ್ಮ ಹೊಸದಾಗಿ ಅಡಿಕೆ ಸಸಿ ಇಟ್ಟಿದ್ದರು. ಬೇಸಿಗೆಯಲ್ಲಿ ಇಬ್ಬರಿಗೂ ಬೇರೆ ನೀರಿಲ್ಲ.

ನಾನು ಹೋದದ್ದು ಶಿವರಾತ್ರಿ ಕಳೆದ ಮೇಲೆ. ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ. ಬೆಳಿಗ್ಗೆ ಅಳೆದಾಗ ಬೋರ್‌ವೆಲ್ ಅಕ್ಕನ ಪಾಲಿಗೆ ಬಂತು. ಗೂಟ ಹೊಡೆದೆ. ಅಕ್ಕನ ಮುಖ ಸಡಿಲವಾಯಿತು. ತಮ್ಮ, ಇನ್ನೊಂದು ಸಲ ನೋಡಿ ಎಂದರು. ನ್ಯಾಯವಾದ ಮಾತೇ. ಊಟ ಮುಗಿಸಿ ಮತ್ತೆ ಕೋಲು ಊರಿದೆ. ಈ ಸಲ ಗೆರೆ ಬೋರ್‌ವೆಲ್ಲಿನ ಕೊಳವೆಯನ್ನು ದಾಟಿ ಎರಡಡಿ ಅಕ್ಕನ ಕಡೆಗೆ ಸರಿದು ನಿಂತಿತು. ಬೋರ್‌ವೆಲ್ ತಮ್ಮನ ಪಾಲಿಗೆ ಬಂತು. ಯಂತ್ರದ ಪರದೆಯ ಮೇಲೆ ಬೆಳಿಗ್ಗೆ ಇದ್ದ ಹಸಿರು ದೀಪವೇ. ಅದಕ್ಕೆ ಯಾವ ಅಳುಕೂ ಇರಲಿಲ್ಲ.

"ಎಂತ ಮೇಡಂ, ಗಡಿ ನಡೆದಾಡ್ತದಾ?" ಎಂದರು ಅಕ್ಕ.

"ಬೆಳಿಗ್ಗೆದು ತಪ್ಪು ಅಂತ ನಾನು ಆಗ್ಲೇ ಹೇಳಿದ್ನಲ್ಲ. ಈಗ ಸರಿ ಬಂತು, ಹೊಡೀರಿ ಗೂಟ," ಎಂದರು ತಮ್ಮ.

ಮೂರನೆಯ ಸಲ ಅಳೆದೆ. ಗೆರೆ ಇನ್ನೆಲ್ಲೋ ಹೋಯಿತು. ನೇರಳೆ ಮರದ ನೆರಳಿಗೆ ಹೋಗಿ ಫೋನ್ ತೆರೆದರೆ, ಶೃಂಗೇರಿ ಕಡೆ ಅಳತೆಗೆ ಹೋಗಿದ್ದ ಪರಿಚಯದವರೂ ಭೂಮಾಪಕರ ವಾಟ್ಸಾಪ್ ಗುಂಪಿನಲ್ಲಿ ಇದೇ ಗೋಳು ಬರೆದಿದ್ದರು. ಸೂರ್ಯ ಕೆರಳಿದ್ದಾನೆ, ಇವತ್ತು ಕೆಲಸ ಬೇಡ ಎಂದು ಒಬ್ಬರು ಎಚ್ಚರಿಸಿದ್ದರು. ತರಬೇತಿಯಲ್ಲಿ ಕೇಳಿ ಮರೆತಿದ್ದ ಪಾಠ ನೆನಪಾಯಿತು.

ಇಬ್ಬರನ್ನೂ ಕೂರಿಸಿ ತಿಳಿದಷ್ಟು ಹೇಳಿದೆ. ನಾವು ಉಸಿರಾಡುವ ಗಾಳಿಗಿಂತ ಎಷ್ಟೋ ಮೇಲೆ, ತೆಳುವಾದ ಗಾಳಿ ಬಿಸಿಲಿಗೆ ಒಡೆದು ವಿದ್ಯುತ್ ಕಣಗಳಾಗುತ್ತದೆ. ಹಗಲು ಅದರೊಳಗೆ ಕರೆಂಟು ಹರಿಯುತ್ತದೆ. ನಮ್ಮಿಂದ ದಕ್ಷಿಣಕ್ಕೆ, ದೇಶದ ತುದಿಯ ಮೇಲೆ, ಆ ಹರಿವು ಬಹಳ ಜೋರು. ಅಲ್ಲಿಂದ ಮೇಲೆದ್ದ ಕಣಗಳು ಉಕ್ಕಿದ ಹಾಲಿನ ಹಾಗೆ ಎರಡೂ ಕಡೆ ಇಳಿಯುತ್ತವೆ, ನಮ್ಮ ತಲೆಯ ಮೇಲೂ. ಸೂರ್ಯ ಕೆರಳಿದ ದಿನ ಅದೆಲ್ಲ ಕದಡಿಹೋಗುತ್ತದೆ. ಉಪಗ್ರಹದ ಸಂಕೇತ ಅದನ್ನು ದಾಟಿ ಬರುವಾಗ ಒಂದಿಷ್ಟು ತಡವಾಗುತ್ತದೆ. ಆ ತಡವನ್ನು ಯಂತ್ರ ದೂರವೆಂದು ಎಣಿಸಿಬಿಡುತ್ತದೆ.

ಅಕ್ಕ ತಲೆಯೆತ್ತಿ ಖಾಲಿ ಆಕಾಶ ನೋಡಿದರು. "ಇಲ್ಲಿ ಮೋಟಾರಿಗೆ ತ್ರೀ ಫೇಸ್ ಬರೂದಿಲ್ಲ. ಮೇಲೆ ಅಷ್ಟು ಕರೆಂಟಿದೆಯಾ?"

ತಮ್ಮನಿಗೆ ನಗು ಬರಲಿಲ್ಲ. "ಬೋರು ಅವ್ರ ಕಡೆ ಬಂದಾಗ ಸೂರ್ಯ ಸರಿ ಇದ್ದ. ನನ್ನ ಕಡೆ ಬಂದ ಕೂಡ್ಲೇ ಕೆಟ್ಟುಹೋದ್ನಾ ಮಾರಾಯ್ರೆ?"

ಬೆಳಿಗ್ಗೆಯದು ಸರಿಯೆಂದು ಆಣೆ ಮಾಡುವ ಧೈರ್ಯ ನನಗಿರಲಿಲ್ಲ. ಹೊಡೆದಿದ್ದ ಗೂಟವನ್ನು ಕಿತ್ತು ಚೀಲಕ್ಕೆ ಹಾಕಿಕೊಂಡೆ. ಆ ಸಂಜೆ ಇಬ್ಬರ ಕಣ್ಣಿಗೂ ನಾನು ಬೇಡದವಳಾಗಿ ಕೊಪ್ಪದ ಬಸ್ ಹತ್ತಿದೆ. ಕಿಟಕಿಯಲ್ಲಿ ಆಕಾಶ ಎಂದಿನಂತೆ ಕೆಂಪಗಾಗಿ ತಣ್ಣಗಿತ್ತು. ಇಷ್ಟು ವರ್ಷ ಅದನ್ನು ಖಾಲಿ ಜಾಗವೆಂದೇ ತಿಳಿದು ಅದರ ಕೆಳಗೆ ಗಡಿ ಗುರುತಿಸುತ್ತಿದ್ದೆನಲ್ಲ ಎನಿಸಿತು.

ಮುಂದಿನ ವಾರ, ಸೂರ್ಯ ಶಾಂತವಾಗಿದ್ದಾನೆಂದು ಖಚಿತಮಾಡಿಕೊಂಡು, ಬೆಳಕು ಹರಿಯುತ್ತಲೇ ಹೋದೆ. ಅಡ್ಡಗದ್ದೆಯ ಪರಿಚಯದವರಿಂದ ಇನ್ನೊಂದು ಯಂತ್ರವನ್ನೂ ಕೇಳಿ ತಂದಿದ್ದೆ. ಮೊದಲ ಸಲ ನನ್ನ ಯಂತ್ರ ತನ್ನ ತಪ್ಪು ತಿದ್ದಿಕೊಳ್ಳಲು ದೂರದೂರಿನ ಕೇಂದ್ರವೊಂದನ್ನು ನಂಬಿಕೊಂಡಿತ್ತು. ಅಲ್ಲಿಯ ಆಕಾಶವೇ ಬೇರೆ. ಈ ಸಲ ಎರಡನೆಯದನ್ನು ಅದೇ ಜಮೀನಿನ ಮೂಲೆಯ ಹಳೆಯ ಗಡಿಕಲ್ಲಿನ ಮೇಲೆ ನಿಲ್ಲಿಸಿದೆ. ಎರಡೂ ಒಂದೇ ಆಕಾಶದ ಕೆಳಗಿದ್ದರೆ ಇದರ ತಪ್ಪನ್ನು ಅದು ಹಿಡಿಯುತ್ತದೆ. ಮತ್ತೆ ಮತ್ತೆ ಅಳೆದೆ. ಪ್ರತಿ ಸಲವೂ ಗೆರೆ ಬಂದು ನಿಂತದ್ದು ಒಂದೇ ಕಡೆ. ಬೋರ್‌ವೆಲ್ ತಮ್ಮನದು.

ನನ್ನ ಮನಸ್ಸು ಒಳಗೊಳಗೇ ಅಕ್ಕನ ಕಡೆ ಇತ್ತೆಂದು ಗೊತ್ತಾದದ್ದು ಆಗ. ನಾನು ಹೇಳುವ ಮೊದಲೇ ಅವರು ಕೇಳಿದರು. "ಇವತ್ತು ಮೇಲೆ ಸರಿ ಇದೆಯಾ?"

"ಸರಿ ಇದೆ."

"ಎಷ್ಟು ಸಲ ನೋಡಿದ್ರೂ ಇಲ್ಲೇ ಬಂತಾ?"

"ಇಲ್ಲೇ ಬಂತು."

"ಹಾಗಾದ್ರೆ ಹೊಡೀರಿ."

ಜಗಳಕ್ಕೆ ಸಿದ್ಧರಾಗಿ ಬಂದಿದ್ದ ತಮ್ಮ ಕೈ ಕಟ್ಟಿಕೊಂಡು ನಿಂತುಬಿಟ್ಟರು. ಗೂಟ ಗಟ್ಟಿಯಾಗಿ ಇಳಿದ ಮೇಲೆ ಕೊಳವೆಯನ್ನೇ ನೋಡುತ್ತ ನನಗೆ ಹೇಳಿದರು: "ತರಕಾರಿಗೆ ಬೇಕಾದಷ್ಟು ನೀರು ಬಿಟ್ಕೊಳ್ಳಿ ಅಂತ ಹೇಳಿ ಮೇಡಂ."

ಅಕ್ಕನೂ ನನ್ನ ಕಡೆಗೇ ತಿರುಗಿ ಉತ್ತರ ಕೊಟ್ಟರು. "ಬರೆದು ಕೊಡ್ಲಿಕ್ಕೆ ಹೇಳಿ. ಬಾಯಿಮಾತು ಗಡಿಗಿಂತ ಜಾಸ್ತಿ ಸರೀತದೆ."

ತಮ್ಮ ಒಪ್ಪಿದರು. ನಕ್ಷೆಯ ಕೆಳಗೇ ನೀರಿನ ಹಕ್ಕನ್ನು ಬರೆದೆ. ಇಬ್ಬರೂ ರುಜು ಹಾಕಿದರು.

ಅವರಿಬ್ಬರು ಮತ್ತೆ ಮಾತಾಡಿದರೋ ಇಲ್ಲವೋ ನನಗೆ ತಿಳಿಯದು. ಬೇಸಿಗೆಯ ಕೊನೆಗೆ ಆ ದಾರಿಯಲ್ಲಿ ಹೋಗುವಾಗ ಗೂಟದ ಪಕ್ಕದಲ್ಲೇ ಕಪ್ಪು ಪೈಪೊಂದು ಗಡಿ ದಾಟಿ ಮಲಗಿತ್ತು, ಆಚೆ ಬೆಂಡೆಗಿಡಗಳು ಹೂಬಿಟ್ಟಿದ್ದವು. ಅಕ್ಕ ಪಾತಿಯಿಂದಲೇ ಕೈಯೆತ್ತಿ, "ನಿಲ್ಲಿ ಮೇಡಂ, ಎಳೇ ಬೆಂಡೆಕಾಯಿ ಕೊಯ್ದು ಕೊಡ್ತೆ," ಎಂದು ಕೂಗಿದರು.