ಬಾ ಅಂದವಳ ತಪ್ಪೇನು?

ಇಂಗ್ಲಿಷ್ ಭೂತದ ಸಿನಿಮಾ ನೋಡಿ ಹೆದರಿದವರು ಬೇಕಾದಷ್ಟು ಜನರಿದ್ದಾರೆ. ನಾನು ಮಾತ್ರ ಅಂಥದೊಂದನ್ನು ನೋಡಿ ಸಿಟ್ಟಿಗೆದ್ದವಳು. ಒಗ್ಗರಣೆ ಹಾಕುವಾಗ, ಬಟ್ಟೆ ಮಡಚುವಾಗ ಆ ಸಿಟ್ಟು ಈಗಲೂ ಹೊಸದಾಗಿ ಬರುತ್ತದೆ.

ನಾವು ನೋಡಲು ಹೋದದ್ದು ಅದನ್ನಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಎಪ್ಪತ್ತರ ದಶಕದ ಕೊನೆಯ ಮಾತು. ಇಳಕಲ್ಲಿನ ನಮ್ಮ ಟಾಕೀಜಿಗೆ ಸಿನಿಮಾದ ಡಬ್ಬಿಗಳು ಬಾಗಲಕೋಟೆಯಿಂದ ಬಸ್ಸಿನ ಮೇಲೆ ಬರುತ್ತಿದ್ದವು. ದೇವರ ಚಿತ್ರ ಬರುತ್ತದೆಂದು ಅತ್ತೆಯವರು ಓಣಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಹೊರಟರು. ದೇವರ ಚಿತ್ರವನ್ನು ಚಪ್ಪಲಿ ಕಳಚಿಯೇ ನೋಡಬೇಕೆಂಬುದು ಅವರ ನೇಮ. ಎಲ್ಲರೂ ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಸೆರಗು ಹೊದ್ದು, ಹೆಂಗಸರ ಕಡೆಯ ಬೆಂಚುಗಳ ಮೇಲೆ ಕೂತೆವು. ಆಗ ಮ್ಯಾನೇಜರು ಬಂದು, ಡಬ್ಬಿ ಅದಲುಬದಲಾಗಿದೆ, ಇಂಗ್ಲಿಷ್ ಚಿತ್ರ ಬಂದುಬಿಟ್ಟಿದೆ, ಆದರೆ ಇದರಲ್ಲೂ ಗುಡಿ ಇದೆ, ಪೂಜಾರಿ ಇದ್ದಾನೆ, ಇದೂ ಒಂಥರಾ ದೇವರದೇ ಎಂದು ಹೇಳಿ ಹೋದ. ದೀಪ ಆರಿತು. ತೆರೆಯ ಮೇಲೆ ಮೊದಲು ಕಂಡದ್ದು ಶವದ ಪೆಟ್ಟಿಗೆ.

ಕಾನ್ವೆಂಟಿನಲ್ಲಿ ಕಲಿತ ಸೊಸೆ ಪಕ್ಕದಲ್ಲೇ ಇರುವಾಗ ಅತ್ತೆಯವರು ಎದ್ದು ಹೋಗುವುದು ಹೇಗೆ? ಕಥೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಸಿಸ್ಟರುಗಳು ನನಗೆ ಕಲಿಸಿದ ಇಂಗ್ಲಿಷಿನಲ್ಲಿ ಪ್ರಾರ್ಥನೆ ಇತ್ತು, ಹೂವುಗಳ ಹೆಸರಿದ್ದವು, ರಕ್ತ ಕುಡಿಯುವವರ ಸಂಭಾಷಣೆ ಇರಲಿಲ್ಲ. ಹೇಗೋ ಸಂಭಾಳಿಸಿದೆ. ಕೋಟೆಯ ಒಡೆಯನನ್ನು ದೇಸಾಯಿ ಮಾಡಿದೆ, ಕೋಟೆಯನ್ನು ವಾಡೆ ಮಾಡಿದೆ. ಈ ದೇಸಾಯಿ ಸತ್ತು ನೂರಾರು ವರ್ಷವಾದರೂ ಕತ್ತಲಾದ ಮೇಲೆ ಎದ್ದು ಬಂದು ಜನರ ಕುತ್ತಿಗೆ ಕಚ್ಚುತ್ತಾನೆ, ಬೆಳ್ಳುಳ್ಳಿ ಕಂಡರೆ ಓಡುತ್ತಾನೆ, ಮನೆಯವರು ಬಾ ಎನ್ನದೆ ಹೊಸ್ತಿಲು ದಾಟಲಾರ ಎಂದು ವಿವರಿಸಿದೆ. ಬೆಳ್ಳುಳ್ಳಿಯ ಮಾತು ಕೇಳಿ ಹೆಂಗಸರೆಲ್ಲ ನಿರಾಳವಾದರು. ನಮ್ಮ ಕಡೆಯ ಅಡುಗೆಮನೆಗಳ ಬೆಳ್ಳುಳ್ಳಿ ಘಾಟಿಗೆ ಇಂಥ ದೇಸಾಯಿ ಹುನಗುಂದ ದಾಟಿ ಬರುವುದೂ ಕಷ್ಟ.

ಇನ್ನು ನಟನೆಯ ಮಾತು. ದೇಸಾಯಿ ಕಣ್ಣು ಕೆಂಪಗೆ ಮಾಡುತ್ತಿದ್ದ, ಕರಿಯ ನಿಲುವಂಗಿ ಬೀಸುತ್ತಿದ್ದ. ಬೇರೇನೂ ಮಾಡಲಿಲ್ಲ. ಅದಕ್ಕೇ ಗಂಡಸರ ಕಡೆಯಿಂದ ಸೀಟಿ. ನಾಯಕಿ ಮೂರ್ಛೆ ಹೋದಳು, ಮತ್ತೆ ಮತ್ತೆ ಹೋದಳು, ಆದರೆ ಪ್ರತಿ ಸಲವೂ ಬೀಳುವ ಜಾಗದಲ್ಲೊಂದು ಮೆತ್ತನೆಯ ಆಸನ ಇರುತ್ತಿತ್ತು, ಎದ್ದಾಗ ಒಂದು ಕೂದಲೂ ಕೆದರಿರುತ್ತಿರಲಿಲ್ಲ. ಕೊನೆಗೆ ದೇಸಾಯಿಯ ಎದೆಗೆ ಗೂಟ ಹೊಡೆಯಲು ಬಂದ ನಾಯಕ ಸುತ್ತಿಗೆ ಹಿಡಿದ ರೀತಿ ನೋಡಬೇಕಿತ್ತು. ಎಮ್ಮೆ ಕಟ್ಟಲು ಕೂಡ ಜನ್ಮದಲ್ಲಿ ಗೂಟ ಬಡಿದವನಲ್ಲ.

ಇವರೆಲ್ಲರ ನಡುವೆ ಒಬ್ಬಳೇ ಒಬ್ಬಳು ನಟಿ ಇದ್ದಳು. ನಾಯಕಿಯ ತಾಯಿ. ಬಾಗಿಲು ಬಡಿದ ಸದ್ದಿಗೆ ಆಕೆ ಏಳುವ ಮೊದಲು ಎರಡೂ ಕೈಗಳನ್ನು ಸೊಂಟದ ಮುಂದೆ ಕಟ್ಟಿಕೊಂಡ ಬಟ್ಟೆಗೆ ಒರೆಸಿಕೊಂಡಳು. ಹೋಗುತ್ತಲೇ ಮೇಜಿನ ಹಾಸಿನ ಹರಿದ ಅಂಚಿನ ಮೇಲೆ ತಟ್ಟೆಯನ್ನು ಸರಿಸಿ ಮುಚ್ಚಿದಳು. ಹೊರಗೆ ಮಂಜು, ಮಂಜಿನಲ್ಲಿ ದೇಸಾಯಿ. ಆಕೆಯ ಮುಖದಲ್ಲಿ ಒಂದು ಗಳಿಗೆ ಹೆದರಿಕೆ ಬಂತು, ಆ ಹೆದರಿಕೆಗೆ ನಾಚಿಕೆ ಬಂತು, ಆಮೇಲೆ ನಗು ಬಂತು. ಒಳಗೆ ಬನ್ನಿ ಎಂದಳು. ಒಡಕಿಲ್ಲದ ಬಟ್ಟಲನ್ನು ಅವನ ಕಡೆ ಇಟ್ಟು, ಒಡಕಿನದನ್ನು ತಾನು ತೆಗೆದುಕೊಂಡಳು. ನನ್ನ ಪಕ್ಕದಲ್ಲಿ ಅತ್ತೆಯವರು, ಚಲೋ ಹೆಣ್ಣಮಗಳು ಎಂದು ತಲೆದೂಗಿದರು.

ದೇಸಾಯಿ ಆ ಮನೆಯ ಮಗಳನ್ನೇ ಕಚ್ಚಿದ. ಊರ ದೊಡ್ಡವರೆಲ್ಲ ಕೂಡಿ ಬೈದದ್ದು ಯಾರನ್ನು? ಆ ತಾಯಿಯನ್ನು. ನೀನು ಬಾ ಅಂದೆ, ಅದಕ್ಕೇ ಬಂದ ಎಂದರು. ಆಕೆ ತಲೆ ತಗ್ಗಿಸಿ ಒಡಕು ಬಟ್ಟಲನ್ನು ನೋಡುತ್ತ ಕೂತಳು. ಮುಂದೆ ಚಿತ್ರದವರಿಗೆ ಆಕೆಯ ನೆನಪೇ ಇಲ್ಲ. ಕೊನೆಯಲ್ಲಿ ಹೆಸರುಗಳು ಬರುವಾಗಲಾದರೂ ನೋಡೋಣವೆಂದರೆ, ಮುಂದಿನವರೆಲ್ಲ ಎದ್ದು ನಿಂತರು, ದೀಪ ಹತ್ತಿತು.

ಮನೆಗೆ ಬಂದು ನಮ್ಮವರಿಗೆ ಕಥೆ ಹೇಳಿದೆ. ಅವರು ಹುನಗುಂದ ಕೋರ್ಟಿನಲ್ಲಿ ವಕೀಲರು. ಜೋಕಾಲಿಯ ಮೇಲೆ ಕೂತು ಪೂರಾ ಕೇಳಿ ತೀರ್ಪನ್ನೂ ಕೊಟ್ಟರು.

"ಆಕಿನ ಬಾ ಅಂದಾಳಲ್ಲ? ಮುಗೀತು. ದೇಸಾಯರದೇನು ತಪ್ಪು?"

ಅತ್ತೆಯವರು ಅಲ್ಲೇ ಅಕ್ಕಿ ಆರಿಸುತ್ತಿದ್ದರು. ಸಾಲದೆಂಬಂತೆ ಮಗ ಅವರ ಕಡೆ ತಿರುಗಿ ನಕ್ಕರು. "ಯವ್ವಾ, ನೀನೂ ಬಂದವರಿಗೆಲ್ಲ ಬರ್ರಿ ಬರ್ರಿ ಅಂತೀ. ಇನ್ನ ಮ್ಯಾಲೆ ಮೊದಲ ಹಲ್ಲು ನೋಡು."

ಹುಡುಗಾಟದ ಮಾತೇ. ಆದರೆ ಯಾರಿಗೆ ಆಡಿದರು ನೋಡಿ. ನಮ್ಮ ಮನೆಯಲ್ಲಿ ಬಾಗಿಲಿಗೆ ಬಂದವರನ್ನು ಯಾರು, ಏನು ಎಂದು ಕೇಳುವ ಪದ್ಧತಿಯಿಲ್ಲ. ಮೊದಲು ಒಳಗೆ ಕರೆದು ಬೆಲ್ಲ ನೀರು ಕೊಡಬೇಕು, ಬಂದ ಕಾರಣ ಅವರಾಗಿ ಹೇಳಬೇಕು. ಮದುವೆಯಾಗಿ ಬಂದ ದಿನದಿಂದ ಅತ್ತೆಯವರು ನನಗೆ ಕಲಿಸಿದ್ದು ಅದೊಂದನ್ನೇ, ಉಳಿದದ್ದೆಲ್ಲ ಕಾನ್ವೆಂಟಿನವರು ಕಲಿಸಿರುತ್ತಾರೆಂದು ನಂಬಿದ್ದರು. ಅಂಥವರು ಮರುದಿನ ಸೀರೆಗೆ ಕುಚ್ಚು ಕಟ್ಟುವ ಹೆಂಗಸು ಬಂದಾಗ ಬಾಗಿಲಲ್ಲೇ ನಿಲ್ಲಿಸಿ, ಏನು ಬೇಕಾಗಿತ್ತು ಎಂದು ಕೇಳಿದರು. ಆಕೆ ಗಾಬರಿಯಾಗಿ, ಮನೆಯಲ್ಲಿ ಯಾರಿಗಾದರೂ ಆರಾಮ ಇಲ್ಲವೇ ಎಂದು ನನ್ನನ್ನು ವಿಚಾರಿಸಿದಳು. ಆ ವಾರವೆಲ್ಲ ಪಡಸಾಲೆಯ ನೀರಿನ ತಂಬಿಗೆ ತುಂಬಿದ್ದು ತುಂಬಿದಂತೆಯೇ ಇತ್ತು. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಕಚ್ಚುವವರು ಯಾರೋ, ಬಾಗಿಲು ಮುಚ್ಚಿಕೊಂಡು ಕೂರುವವರು ನಾವು.

ಹೀಗಿರುವಾಗ ಒಂದು ಮುಸ್ಸಂಜೆ ಬಾಗಿಲ ಹೊರಗೆ ಒಬ್ಬ ಮುದುಕ ಬಂದು ನಿಂತ. ಬಲು ಎತ್ತರದ ಮನುಷ್ಯ. ಭುಜದಿಂದ ಹಿಮ್ಮಡಿಯವರೆಗೆ ಕರಿಯ ಕಂಬಳಿ, ಹಣೆಯ ತುಂಬ ಬೀರಪ್ಪ ದೇವರ ಭಂಡಾರದ ಅರಿಶಿನ, ಬಾಯಿ ಎಲೆ ಅಡಿಕೆಯಿಂದ ಕೆಂಪಗೆ. ರಾಮಥಾಳದ ಕಡೆಯ ಹೊಲದಲ್ಲಿ ಕುರಿ ಬಿಟ್ಟು ಸಂತೆಗೆ ಬಂದವನು, ನೀರು ಬೇಕೆಂದ. ಕರೆಯದೆ ಒಳಗೆ ಬರುವವನಲ್ಲ, ಹೊಸ್ತಿಲಾಚೆಯೇ ನಿಂತ. ಜೋಕಾಲಿ ಗಕ್ಕನೆ ನಿಂತಿತು. ನಮ್ಮವರು ಪೇಪರಿನ ಮೇಲಿಂದ ತಾಯಿಯನ್ನೇ ನೋಡುತ್ತಿದ್ದರು, ತುಟಿಯಂಚಿನಲ್ಲಿ ನಗು. ನಾನು ತಂಬಿಗೆಗೆ ಕೈ ಹಾಕಿದೆ, ಎತ್ತಲಿಲ್ಲ. ಕರೆಯಬೇಕಾದವಳು ನಾನಲ್ಲ.

ಅತ್ತೆಯವರು ಮುದುಕನ ಬಾಯಿ ನೋಡಿದರು, ಮಗನ ಮುಖ ನೋಡಿದರು. ಒದ್ದೆ ಕೈಗಳನ್ನು ಸೆರಗಿಗೆ ಒರೆಸಿಕೊಂಡರು.

"ಒಳಗ ಬರ್ರಿ. ಹೊರಗ ಯಾಕ ನಿಂತೀರಿ?"

ಆಮೇಲೆ ಮಗನ ಕಡೆ ತಿರುಗಿ, ದನಿ ಏರಿಸದೆ ಹೇಳಿದರು: "ಬಾ ಅನ್ನೂದು ನನ್ನ ಧರ್ಮ. ಬಂದಾಂವ ಕಚ್ಚಿದ್ರ ಅದು ಅವನ ಪಾಪ. ಎರಡೂ ನನ್ನ ತಲಿಗೆ ಕಟ್ಟಬ್ಯಾಡ, ವಕೀಲಪ್ಪಾ."

ಕೋರ್ಟಿನಲ್ಲಿ ಬಾಯಿ ಮುಚ್ಚದ ನಮ್ಮವರು ಎದ್ದು ಮುದುಕನಿಗೆ ಚಾಪೆ ಹಾಸಿದರು. ನಾನು ತಂಬಿಗೆ ಎತ್ತಿಕೊಟ್ಟೆ. ನೀರು ಕುಡಿದವನನ್ನು ಅತ್ತೆಯವರು ಹಾಗೇ ಕಳಿಸುತ್ತಾರೆಯೇ, ರೊಟ್ಟಿಯನ್ನೂ ಹಾಕಿಸಿದರು. ಬೆಳ್ಳುಳ್ಳಿ ಕುಟ್ಟಿದ ಖಾರ ಬಡಿಸುವಾಗ ನನಗೆ ತಡೆಯಲಾಗದೆ ಅವನ ಮುಖ ನೋಡಿದೆ. "ಭಾಳ ರುಚಿ ಐತ್ರಿ ಯವ್ವಾ, ಇನ್ನೊಂದೀಟು ಹಾಕ್ರಿ" ಎಂದ.

ಕಣ್ಣು ಕೆಂಪಗೆ ಮಾಡಿದವನ ಪೋಸ್ಟರನ್ನು ಆಮೇಲೆ ತಂದು ಅಂಟಿಸಿದರು, ಅದು ನಮ್ಮ ಟಾಕೀಜಿನ ಗೋಡೆಯ ಮೇಲೆ ಮಳೆಗೆ ಕರಗುವ ತನಕ ಇತ್ತು. ಬಾ ಅಂದವಳ ಹೆಸರು ನನಗೆ ಇಂದಿಗೂ ಗೊತ್ತಿಲ್ಲ, ಇದೊಂದು ಅನ್ಯಾಯ ಹಾಗೇ ಉಳಿದಿದೆ. ಬಾಗಿಲು ಸದ್ದಾದಾಗ ಕೈ ತಾನಾಗಿ ಸೆರಗಿಗೆ ಹೋಗುತ್ತದೆ. ಇದನ್ನು ಅತ್ತೆಯವರಿಂದ ಕಲಿತೆನೋ, ಆ ನಟಿಯಿಂದಲೋ ಎಂದು ಯೋಚಿಸುವಷ್ಟರಲ್ಲಿ ಬಾಯಿ ಬರ್ರಿ ಎಂದುಬಿಟ್ಟಿರುತ್ತದೆ.