ಘಾಟದ ನಡುವಿನ ಸಪಾಟು

ಯೇರವಡಾದಿಂದ ವಿಮಾನ ನಿಲ್ದಾಣದ ಕಡೆಗೆ ಹೊರಳುವ ರಸ್ತೆಯ ಮೂಲೆಯಲ್ಲಿ ಲಾಲಪ್ಪನ ತಗಡಿನ ಸೈಕಲ್ ಅಂಗಡಿ ಇತ್ತು. ಪಂಕ್ಚರ್ ಹಾಕಿಸಲು ಬಂದವರು ಕೆಲಸ ಮುಗಿದ ಮೇಲೂ ಅಲ್ಲೇ ಕೂತಿರುತ್ತಿದ್ದರು. ಆಸಾಮಿಯ ಬಾಯಿ ಅಂಥದ್ದು. ಯಾದಗಿರಿ ಕಡೆಯ ಈ ಮನುಷ್ಯ ಮರಾಠಿಯನ್ನು ಕನ್ನಡದ ಧಾಟಿಯಲ್ಲಿ, ಕನ್ನಡವನ್ನು ಮರಾಠಿಯ ಗತ್ತಿನಲ್ಲಿ ಆಡುತ್ತಿದ್ದ; ಎರಡೂ ಕೇಳಲು ಸೊಗಸಾಗಿರುತ್ತಿದ್ದವು. ಓಣಿಯ ಹುಡುಗರು ಅವನನ್ನು ಲಾಲಾ ಮಾಸ್ತರ ಅನ್ನುತ್ತಿದ್ದರು. ಅವನು ಸೈಕಲ್ ಪಂದ್ಯಕ್ಕೆ ಹುಡುಗರನ್ನು ತಯಾರು ಮಾಡುತ್ತಿದ್ದ, ಅದೂ ಕೂತಲ್ಲೇ.

ನಗಬೇಡಿ, ನಿಜವಾಗಿಯೂ ಕೂತಲ್ಲೇ. ಸೈಕಲ್ಲನ್ನು ಅಂಗಡಿಯೊಳಗೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹುಡುಗನನ್ನು ಸೀಟಿಗೆ ಹತ್ತಿಸಿ, ಕಣ್ಣು ಮುಚ್ಚು ಅನ್ನುತ್ತಿದ್ದ. ಹಿಂದಿನ ಗಾಲಿಗೆ ಹಳೇ ಟ್ಯೂಬಿನ ಪಟ್ಟಿಯೊಂದನ್ನು ಸುತ್ತಿ, ಅದರ ತುದಿ ಹಿಡಿದು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂರುತ್ತಿದ್ದ. ಆಮೇಲೆ ದಾರಿ ಹೇಳಲು ಶುರು. ಏರು ಬಂತು ಅನ್ನುತ್ತ ಪಟ್ಟಿ ಜಗ್ಗಿದರೆ ಪೆಡಲು ಭಾರವಾಗುತ್ತಿತ್ತು. ಇಳಿಜಾರು ಅನ್ನುತ್ತ ಬಿಟ್ಟರೆ ಗಾಲಿ ಹಗುರಾಗಿ ಗುಯ್ಯೆನ್ನುತ್ತಿತ್ತು. ಎದುರುಗಾಳಿ, ಹುಣಸೆಮರದ ನೆರಳು, ರಸ್ತೆ ಬಿಟ್ಟು ಕದಲದ ಎಮ್ಮೆ, ಎಲ್ಲವೂ ಅವನ ಮಾತಿನಲ್ಲಿ ಬರುತ್ತಿದ್ದವು. ಎಮ್ಮೆ ಅಂದ ಕೂಡಲೇ ಕಣ್ಣು ಮುಚ್ಚಿದ ಹುಡುಗನ ಬೆರಳು ಬೆಲ್ಲಿನ ಮೇಲೆ ಹೋಗುತ್ತಿತ್ತು. ಕಾಲು ಸೋಲುವ ಮೊದಲು ಮನಸ್ಸು ಸೋಲುತ್ತದೆ, ಮನಸ್ಸಿಗೆ ದಾರಿಯ ಪರಿಚಯ ಮಾಡಿಸಿಬಿಟ್ಟರೆ ಅದು ಹೆದರುವುದಿಲ್ಲ, ಎಂಬುದಷ್ಟೇ ಅವನ ವಿದ್ಯೆ. ದೊಡ್ಡ ಕ್ಲಬ್ಬಿನವರು ಇದನ್ನು ಕೇಳಿ ಮೂಗು ಮುರಿಯುತ್ತಿದ್ದರು. ಮುರಿಯಲಿ ಬಿಡಿ, ಓಣಿಯ ಹುಡುಗರು ಊರೊಳಗಿನ ಪಂದ್ಯಗಳಲ್ಲಿ ಕಪ್ ತರುತ್ತಿದ್ದದ್ದು ಸುಳ್ಳಲ್ಲವಲ್ಲ.

ಲಾಲಪ್ಪ ತಾನೇ ಯಾವತ್ತೂ ಪಂದ್ಯಕ್ಕೆ ಇಳಿದವನಲ್ಲ. ಎಪ್ಪತ್ತರ ದಶಕದ ಮೊದಲಲ್ಲಿ, ಮೀಸೆ ಚಿಗುರುವ ವಯಸ್ಸಿನಲ್ಲಿ, ಅಪ್ಪನೊಂದಿಗೆ ರಸ್ತೆ ಅಗಲ ಮಾಡುವ ಗ್ಯಾಂಗಿನಲ್ಲಿ ಖಂಡಾಳಾ ಘಾಟದಲ್ಲಿ ಖಡಿಕಲ್ಲಿನ ಬುಟ್ಟಿ ಹೊತ್ತಿದ್ದ. ಒಂದು ದಿನ ಮಳೆ ನಿಂತ ಹೊತ್ತಿನಲ್ಲಿ ಪಂದ್ಯದ ಸೈಕಲ್ಲುಗಳು ಅವನ ಮುಂದೆಯೇ ಹಾಯ್ದುಹೋದವು. ಬಣ್ಣಬಣ್ಣದ ಬನಿಯನ್ನಿನ ಹುಡುಗರು ಮಂಜಿನೊಳಗಿಂದ ಬಂದು, ಒಂದು ಸದ್ದೂ ಇಲ್ಲದೆ ಮಂಜಿನೊಳಗೇ ಹೋದರು. ಅವನು ಬುಟ್ಟಿ ಹೊತ್ತವನು ಹಾಗೇ ನಿಂತುಬಿಟ್ಟ, ಗ್ಯಾಂಗಿನ ಮೇಲಾಳು ಮುಕಾದಮ ಬೈದದ್ದೂ ಕೇಳಿಸಲಿಲ್ಲ. ಅದೇ ವರ್ಷ ಕಲ್ಲು ಜಾರಿ ಬಲಮೊಣಕಾಲಿನ ಚಿಪ್ಪು ಒಡೆಯಿತು. ಕಾಲು ಮಡಚದವನು ಪೆಡಲು ತುಳಿಯುವುದಾದರೂ ಹೇಗೆ? ತುಳಿಯುವ ಆಸೆ ಮಾತ್ರ ಹೋಗಲಿಲ್ಲ. ಕಣ್ಣು ಮುಚ್ಚಿದರೆ ಇವತ್ತಿಗೂ ಆ ಘಾಟ ಹತ್ತುತ್ತೇನೆ ಎಂದು ಅವನೇ ಹೇಳುತ್ತಿದ್ದ.

ಅಂಬಾರಾಯ ಅವನ ಕಣ್ಣಿಗೆ ಬಿದ್ದದ್ದು ಎಂಬತ್ನಾಲ್ಕರಲ್ಲಿ. ಪಕ್ಕದ ಕಟ್ಟಡದಲ್ಲಿ ಗಾರೆ ಹೊರುವ ಶಂಕ್ರೆಪ್ಪನ ಮಗ, ಹದಿನೆಂಟರ ಹುಡುಗ, ಬಾಯಿ ಕಡಿಮೆ. ತಾನೂ ಅಪ್ಪನ ಜೊತೆ ಇಟ್ಟಿಗೆ ಹೊರುತ್ತಿದ್ದ. ಒಮ್ಮೆ ರಿಪೇರಿಗೆ ಬಂದ ಸೈಕಲ್ಲನ್ನು ಸುಮ್ಮನೆ ಒಂದು ಸುತ್ತು ಹೊಡೆದು ಬಾ ಎಂದು ಲಾಲಪ್ಪ ಕಳಿಸಿದ. ಹುಡುಗ ಹೋದ ಪರಿಗೆ ಲಾಲಪ್ಪನ ಕೈಯಲ್ಲಿದ್ದ ಚಹಾ ತಣ್ಣಗಾಯಿತು. ಅವತ್ತಿನಿಂದ ಅವನು ಬೇರೆ ಯಾರನ್ನೂ ಸ್ಟ್ಯಾಂಡಿಗೆ ಹತ್ತಿಸಲಿಲ್ಲ.

ಆ ಮಳೆಗಾಲದ ಕೊನೆಗೆ ಒಂದು ಘಾಟದ ಪಂದ್ಯವಿತ್ತು. ಖೋಪೋಲಿಯಿಂದ ಹೊರಟು, ಅದೇ ಖಂಡಾಳಾ ಘಾಟ ಹತ್ತಿ, ಲೋಣಾವಳಾ ದಾಟಿ ತಳೇಗಾಂವ ದಾಭಾಡೆಗೆ ಮುಟ್ಟಬೇಕು. ಅಲ್ಲಿನ ಕಾರ್ಖಾನೆಯೊಂದು ಮೊದಲ ಮೂವರನ್ನು ತನ್ನ ತಂಡಕ್ಕೆ, ಅಂದರೆ ಕಾಯಂ ನೌಕರಿಗೆ, ತೆಗೆದುಕೊಳ್ಳುವುದಾಗಿ ಹೇಳಿತ್ತು. ಶಂಕ್ರೆಪ್ಪನ ಕೆಲಸ ಇಲ್ಲಿ ಮುಗಿದಿತ್ತು; ಗುತ್ತಿಗೆದಾರ ಎಲ್ಲರನ್ನೂ ದೌಂಡಕ್ಕೆ ಕರೆದೊಯ್ಯುವವನಿದ್ದ. ಲಾಲಪ್ಪ ಹೋಗಿ ಕೈಮುಗಿದು ಕೇಳಿಕೊಂಡ ಮೇಲೆ ಶಂಕ್ರೆಪ್ಪ ಬೀಡಿ ಆರಿಸಿ ಹೇಳಿದ.

"ಒಂದೇ ಸಲ ನೋಡ್ತೀನಿ ಲಾಲಪ್ಪಾ. ಆಗ್ಲಿಲ್ಲಂದ್ರ ಸೋಮವಾರ ನನ್ನ ಸಂಗಾಟ ದೌಂಡಕ್ಕ ಬರ್ತಾನ, ಬುಟ್ಟಿ ಹೊರ್ತಾನ. ಮತ್ತ ಸೈಕಲ್ ಅನ್ನಬಾರದು."

ವಾರವೆಲ್ಲ ದುಡಿಯುವ ಹುಡುಗನಿಗೆ ಘಾಟಕ್ಕೆ ಹೋಗಿ ಬರಲು ಪುರುಸೊತ್ತು ಎಲ್ಲಿಯದು? ಹಾಗಾಗಿ ಲಾಲಪ್ಪ ಘಾಟವನ್ನೇ ಅಂಗಡಿಗೆ ತಂದ. ಕೆಲಸಕ್ಕೆ ಹೋಗುವ ಮುನ್ನ ನಸುಕಿನಲ್ಲಿ ಹುಡುಗ ಕಣ್ಣು ಮುಚ್ಚಿ ಹತ್ತುತ್ತಿದ್ದ. ತಗಡಿನ ಮೇಲೆ ಮಳೆ ಸುರಿಯುತ್ತಿತ್ತು, ಅದೇ ಘಾಟದ ಜಲಪಾತವಾಗುತ್ತಿತ್ತು. ಬಂಡೆಗಳಿಂದ ನೀರು ತೊಟ್ಟಿಕ್ಕುವುದು, ಮಂಗಗಳು ಗೋಡೆಯ ಮೇಲೆ ಸಾಲಾಗಿ ಕೂತಿರುವುದು, ಕೆಳಗೆ ಕಣಿವೆ ಹಾಲು ತುಂಬಿದ ಪಾತೇಲಿಯಂತೆ ಮಂಜಿನಿಂದ ತುಂಬಿರುವುದು, ಎಲ್ಲ ಹೇಳಿ ಲಾಲಪ್ಪ ಕೊನೆಯ ದೊಡ್ಡ ತಿರುವಿಗೆ ಬರುತ್ತಿದ್ದ. ಅಲ್ಲಿ ಪಟ್ಟಿಯನ್ನು ಎಷ್ಟು ಜಗ್ಗುತ್ತಿದ್ದನೆಂದರೆ ಹುಡುಗನ ಕುತ್ತಿಗೆಯ ನರಗಳು ಉಬ್ಬುತ್ತಿದ್ದವು.

"ಇಲ್ಲಿ ಏನೂ ಉಳಿಸ್ಕೋಬ್ಯಾಡ ತಮ್ಮಾ. ಇದ್ದದ್ದೆಲ್ಲಾ ಹಾಕಿ ತುಳಿ. ತಿರುವು ಮುಗದ ಕೂಡ್ಲೇ ಸಪಾಟ ಅದ. ಹೋದದ್ದೆಲ್ಲಾ ಅಲ್ಲಿ ವಾಪಸ್ ಸಿಗ್ತದ."

ಹಾಗೆಂದು ಪಟ್ಟಿ ಸಡಿಲ ಬಿಡುತ್ತಿದ್ದ. ಹುಡುಗನ ಭುಜ ಇಳಿಯುತ್ತಿತ್ತು, ಉಸಿರು ಹದಕ್ಕೆ ಬರುತ್ತಿತ್ತು, ಮುಖದಲ್ಲಿ ಸಣ್ಣ ನಗೆಯೊಂದು ಬರುತ್ತಿತ್ತು. ಅದನ್ನು ನೋಡುವಾಗ ಲಾಲಪ್ಪನಿಗೂ ತಾನು ಆ ಸಪಾಟಿನಲ್ಲಿ ತೇಲಿದ ಹಾಗೆ ಅನಿಸುತ್ತಿತ್ತು.

ಪಂದ್ಯದ ದಿನ ಲಾರಿ ಓಡಿಸುವ ಗೆಳೆಯ ಏಕನಾಥ ಬೆಳಕು ಹರಿಯುವಾಗ ಲಾಲಪ್ಪನನ್ನು ಆ ದೊಡ್ಡ ತಿರುವಿನ ಹತ್ತಿರ ಇಳಿಸಿ ಮುಂದೆ ಹೋದ. ಸಪಾಟಿನಲ್ಲಿ ನಿಂತು ಹುಡುಗನಿಗೆ ನೀರು ಕೊಡಬೇಕೆಂಬುದು ಲಾಲಪ್ಪನ ಆಸೆ. ಕುಂಟುತ್ತ ತಿರುವು ದಾಟಿದ. ರಸ್ತೆ ಏರುತ್ತಲೇ ಇತ್ತು. ಇನ್ನಷ್ಟು ಹೋದ, ಇನ್ನೂ ಏರಿತು. ತಿರುವು ತಪ್ಪಿತೇನೋ ಎಂದು ಹೊರಳಿ ಬಂದು ನೋಡಿದ. ಇಲ್ಲ, ತಾವೇ ಕಟ್ಟಿದ ಕಲ್ಲಿನ ಗೋಡೆ ಅಲ್ಲೇ ಇತ್ತು. ಗೋಡೆಗೆ ಅಂಟಿಕೊಂಡು, ಬಂಡೆಯ ಮರೆಯಲ್ಲಿ, ಒಂದು ಕೌದಿ ಹಾಸುವಷ್ಟು ಸಮನೆಲವಿತ್ತು. ಗ್ಯಾಂಗಿನವರು ಮಧ್ಯಾಹ್ನ ಬುಟ್ಟಿ ಇಳಿಸಿ ರೊಟ್ಟಿ ಬಿಚ್ಚುತ್ತಿದ್ದ ಜಾಗ ಅದು. ಅಪ್ಪನ ತೊಡೆಯ ಮೇಲೆ ತಲೆಯಿಟ್ಟು ಅವನು ಕಣ್ಣು ಮುಚ್ಚುತ್ತಿದ್ದುದೂ ಅಲ್ಲೇ.

ಲಾಲಪ್ಪನಿಗೆ ಆಗ ತಿಳಿಯಿತು, ರಸ್ತೆಯಲ್ಲಿ ಸಪಾಟೇ ಇರಲಿಲ್ಲ. ಇಡೀ ಘಾಟದಲ್ಲಿ ಅವನ ಮೈಗೆ ಆರಾಮು ಸಿಕ್ಕಿದ್ದು ಈ ಅಂಗೈಯಗಲದ ಜಾಗದಲ್ಲಿ. ಇಷ್ಟು ವರ್ಷ ಮಲಗಿದಾಗಲೆಲ್ಲ ನೆನೆದು ನೆನೆದು ಅದನ್ನೇ ಹಿಗ್ಗಿಸಿ, ಒಂದು ರಸ್ತೆ ಮಾಡಿ, ಆ ರಸ್ತೆಯನ್ನು ನಂಬಿ ಇದ್ದದ್ದೆಲ್ಲ ಖರ್ಚು ಮಾಡು ಎಂದು ಒಬ್ಬರ ಮನೆಯ ಮಗನಿಗೆ ಹೇಳಿಕೊಟ್ಟಿದ್ದ. ಅವನು ಬರಿಗೈಯಲ್ಲಿ ಈ ತಿರುವಿಗೆ ಬರುತ್ತಾನೆ, ಎದುರಿಗೆ ಇನ್ನೂ ಕಡಿದಾದ ಏರು. ಥೂ ನಿನ್ನ ಬಾಯಿಗಿಷ್ಟು ಬೆಂಕಿ ಬೀಳಲಿ ಎಂದು ಲಾಲಪ್ಪ ತನ್ನನ್ನೇ ಬೈದುಕೊಂಡ. ಅವನಿಗೆ ಅಳು ಬಂತು. ಕೆಳಗಿಳಿದು ಮೊದಲೇ ಹೇಳಿಬಿಡೋಣವೆಂದು ಓಡಲು ನೋಡಿದ, ಮೊಣಕಾಲು ಕೇಳಲಿಲ್ಲ. ಅಷ್ಟರಲ್ಲಿ ಪಂದ್ಯದ ಜೀಪು ಹಾರ್ನು ಹಾಕುತ್ತ ಮಂಜಿನೊಳಗಿಂದ ಬಂತು.

ಹಿಂದೆಯೇ ಗೇರಿನ ಸೈಕಲ್ಲಿನ ಇಬ್ಬರು, ಆಮೇಲೆ ಇನ್ನಿಬ್ಬರು. ಐದನೆಯವನು ಅಂಬಾರಾಯ. ಹೇಳಿದ್ದನ್ನು ಹೇಳಿದ ಹಾಗೇ ಮಾಡಿದ್ದ, ಒಂದಿಷ್ಟೂ ಉಳಿಸಿಕೊಂಡಿರಲಿಲ್ಲ. ತುಟಿ ಬೆಳ್ಳಗಾಗಿತ್ತು, ಹ್ಯಾಂಡಲು ಅತ್ತಿತ್ತ ಹೊಯ್ದಾಡುತ್ತಿತ್ತು. ಲಾಲಪ್ಪ ನಿಜ ಹೇಳಲೆಂದೇ ಬಾಯಿ ತೆರೆದ. ಹುಡುಗನ ಮುಖ ನೋಡಿದ. ಆ ಕಣ್ಣುಗಳು ಇವನನ್ನು ನೋಡುತ್ತಿರಲಿಲ್ಲ, ಮುಂದಿನ ಮಂಜಿನಲ್ಲಿ ಏನನ್ನೋ ಹುಡುಕುತ್ತಿದ್ದವು.

ಲಾಲಪ್ಪ ಕೈಯಲ್ಲಿದ್ದ ನೀರಿನ ಬಾಟಲಿ ಎಸೆದು ಅವನ ಪಕ್ಕದಲ್ಲಿ ಕುಂಟುತ್ತ ಓಡಿದ. ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು ಆಡುತ್ತಿದ್ದ ಅದೇ ದನಿಯಲ್ಲಿ, ಅವಸರವಿಲ್ಲದೆ, ಹೇಳಿದ.

"ಬಂತು ನೋಡು ತಮ್ಮಾ, ಸಪಾಟ ಬಂತು. ಕೈ ಸಡಲ ಬಿಡು. ಉಸಿರು ತಗೋ. ಹಗರ ಆಯ್ತು ನೋಡು, ಭಾಳ ಹಗರ ಆಯ್ತು."

ಹುಡುಗನ ಭುಜ ಇಳಿಯಿತು. ಹ್ಯಾಂಡಲು ನೆಟ್ಟಗಾಯಿತು. ಆ ಕಡಿದಾದ ಏರಿನಲ್ಲಿ ಅವನು ತಂಪು ಹೊತ್ತಿನಲ್ಲಿ ಪೇಟೆ ಸುತ್ತಲು ಹೊರಟವನಂತೆ ತುಳಿಯುತ್ತ, ಮುಖದಲ್ಲಿ ಆ ಸಣ್ಣ ನಗೆ ಇಟ್ಟುಕೊಂಡು, ಮಂಜಿನೊಳಗೆ ಹೋದ. ಲಾಲಪ್ಪ ರಸ್ತೆಯ ಮೇಲೇ ಕೂತುಬಿಟ್ಟ.

ಮೇಲೆ ಹೋಗುವ ಯಾವುದೋ ಲಾರಿ ಹತ್ತಿ ಅವನು ತಳೇಗಾಂವಕ್ಕೆ ಬರುವಷ್ಟರಲ್ಲಿ ಹಾರ, ಫೋಟೋ ಎಲ್ಲ ಮುಗಿದಿತ್ತು. ದಾರಿಯುದ್ದಕ್ಕೂ ಅವನು ಶಂಕ್ರೆಪ್ಪನಿಗೆ ಏನು ಹೇಳಬೇಕು, ಹುಡುಗನ ಮುಂದೆ ಹೇಗೆ ನಿಲ್ಲಬೇಕು ಎಂದು ಯೋಚಿಸಿದ್ದ. ಗೆದ್ದರೂ ಸೋತರೂ ನಿಜ ಹೇಳಿಯೇ ಬಿಡುತ್ತೇನೆ ಎಂದು ಗಟ್ಟಿ ಮಾಡಿಕೊಂಡಿದ್ದ. ಶಂಕ್ರೆಪ್ಪ ಒಂದು ಮೂಲೆಯಲ್ಲಿ ಮಗನ ಕೊರಳಿನ ಹಾರವನ್ನು ತಾನು ಹಾಕಿಕೊಂಡು, ಯಾರಿಗೂ ಮುಖ ತೋರಿಸದೆ ಕಣ್ಣೊರೆಸಿಕೊಳ್ಳುತ್ತಿದ್ದ. ಹುಡುಗ ಮೂರನೆಯವನಾಗಿ ಬಂದಿದ್ದ.

ಲಾಲಪ್ಪ ಹತ್ತಿರ ಹೋಗಿ ಆ ತಿರುವಿನ ಮಾತು ಎತ್ತಿದ. ಅಂಬಾರಾಯ ಅವನನ್ನು ಮುಗಿಸಲು ಬಿಡಲಿಲ್ಲ. ಅಷ್ಟು ಮಾತಾಡದ ಹುಡುಗ ಅವತ್ತು ತಾನೇ ಹೇಳಿದ.

"ಕಾಕಾ, ಆ ಸಪಾಟ ನೀವು ಹೇಳಿದ್ದಕ್ಕಿಂತ ಉದ್ದ ಅದರಿ. ಅಲ್ಲೇ ಇಬ್ಬರನ್ನ ಹಿಂದ ಹಾಕ್ದೆ."

ಲಾಲಪ್ಪ ಆ ಒದ್ದೆ ತಲೆಯ ಮೇಲೆ ಕೈಯಿಟ್ಟ.

"ಹೌದಪಾ," ಅಂದ. "ಅದರ ಅಳತಿ ನನಗೂ ಗೊತ್ತಿರ್ಲಿಲ್ಲ."