ಮೂಲಗೇಣಿ ನೆಲ, ಟೀಚರ್ ಮತ್ತು ನಾನು

ಕುದ್ರೋಳಿಯ ನಮ್ಮ ಮನೆ ಅಜ್ಜಿ ಕಟ್ಟಿಸಿದ್ದು. ಅದರ ಅಡಿಯ ನೆಲ ಮಾತ್ರ ನಮ್ಮದಾಗಿರಲಿಲ್ಲ. ಮೂಲಗೇಣಿ ಎಂದರೆ ಹಾಗೆಯೇ: ನೆಲ ಒಬ್ಬರದು, ಅದರ ಮೇಲೆ ತಲೆತಲಾಂತರ ಬಾಳುವ ಹಕ್ಕು ಇನ್ನೊಬ್ಬರದು. ವರ್ಷಕ್ಕೊಮ್ಮೆ ಒಡೆಯರ ಮನೆಗೆ ಹೋಗಿ ಸಣ್ಣದೊಂದು ಗೇಣಿ ಕೊಟ್ಟು ಬರಬೇಕು. ನಮ್ಮ ನೆಲದ ಒಡತಿ ಕೊಡಿಯಾಲ್‌ಬೈಲಿನ ಫ್ಲ್ಯಾಟೊಂದರಲ್ಲಿ ಒಬ್ಬರೇ ಇದ್ದ ನಿವೃತ್ತ ಕನ್ನಡ ಟೀಚರ್. ಅವರೂ ಮದುವೆಯಾದವರಲ್ಲ, ನಾನೂ ಅಲ್ಲ. ಅವರ ಮನೆಮಾತು ಕೊಂಕಣಿ, ನನ್ನದು ತುಳು. ನಮ್ಮಿಬ್ಬರ ನಡುವೆ ಕನ್ನಡ.

ಅಮ್ಮ ತೀರಿಕೊಂಡ ಮೇಲೆ ಗೇಣಿ ಕೊಡಲು ನಾನೇ ಹೋಗತೊಡಗಿದೆ. ಕೊಟ್ಟು ಎದ್ದು ಬರಬಹುದಾದ ಕೆಲಸ. ಆದರೆ ಟೀಚರ್ ಮಧ್ಯಾಹ್ನದವರೆಗೆ ಬಿಡುತ್ತಿರಲಿಲ್ಲ. ಮೀನಿನ ರೇಟು, ತಮ್ಮ ಮೊಣಕಾಲು, ಕೆಳಗಿನ ರಸ್ತೆಯ ಹಾರ್ನುಗಳು, ಪೇಪರಿನಲ್ಲಿ ಕಂಡ ಕಾಗುಣಿತದ ತಪ್ಪು, ಎಲ್ಲವನ್ನೂ ವರ್ಷವಿಡೀ ನನಗೆಂದೇ ತೆಗೆದಿಟ್ಟವರ ಹಾಗೆ ಹೇಳುತ್ತಿದ್ದರು. ನೆಂಟರು ಹಬ್ಬಕ್ಕೆ ಕರೆಯುತ್ತಿದ್ದರು, ನಿಜ. ಆದರೆ ನನ್ನ ದಾರಿ ಕಾಯುತ್ತಿದ್ದ ಮನೆ ಅದೊಂದೇ.

ಹಿಂದಿನ ಗೋಡೆ ಬಿರುಕು ಬಿಟ್ಟು, ಹೆಂಚಿನ ಮಾಡಿನ ಮರಕ್ಕೆ ಗೆದ್ದಲು ಹಿಡಿದಾಗ ಸಾಲಕ್ಕೆಂದು ಬ್ಯಾಂಕಿಗೆ ಹೋದೆ. ಅಲ್ಲಿನ ಅಧಿಕಾರಿ ಕಾಗದಗಳನ್ನು ನನ್ನ ಕಡೆಗೇ ಸರಿಸಿದರು. “ಮನೆ ನಿಮ್ಮದು, ಸರಿ ಮೇಡಂ. ನೆಲ ನಿಮ್ಮದಲ್ಲವಲ್ಲ. ನಾವು ಅಡವು ಇಟ್ಟುಕೊಳ್ಳುವುದು ಎಂತದನ್ನು?”

ದಾರಿ ತೋರಿಸಿದವರು ನಮ್ಮ ಓಣಿಯ ತುದಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಬ್ಯಾರಿ ಸಾಹೇಬರು. ಅವರದೂ ಮೂಲಗೇಣಿ ನೆಲವೇ. “ಅಕ್ಕ, ನೆಲವನ್ನು ನಮಗೇ ಕೊಡಿಸುವ ಕಾನೂನು ಸರ್ಕಾರ ಮಾಡಿ ಆಗಿದೆ. ಒಡೆಯರಿಗೆ ಪರಿಹಾರ ಕಟ್ಟಿದರೆ ಆಯ್ತು. ನಾವೆಲ್ಲ ಅರ್ಜಿ ಹಾಕ್ತಿದ್ದೇವೆ, ನೀವೂ ಹಾಕಿ,” ಎಂದರು. ಹಾಕಿದೆ. ಮುಂದಿನ ಸಲ ಹೋದಾಗ ಟೀಚರಿಗೆ ನಾನೇ ಹೇಳಬೇಕೆಂದುಕೊಂಡಿದ್ದೆ. ಅಷ್ಟರೊಳಗೆ ಒಡೆಯರೆಲ್ಲ ಸೇರಿ ಆ ಕಾನೂನಿನ ವಿರುದ್ಧ ಕೋರ್ಟಿಗೆ ಹೋದರು. ಅವರಲ್ಲಿ ಟೀಚರೂ ಇದ್ದರು.

ಆ ವರ್ಷ ಗೇಣಿ ಕೊಡಲು ಹೋದಾಗ ಬಾಗಿಲು ಅರ್ಧವೇ ತೆರೆಯಿತು.

“ಕೇಸು ಮುಗಿಯುವವರೆಗೆ ಗೇಣಿ ತೆಗೆದುಕೊಳ್ಳಬೇಡಿ ಅಂತ ವಕೀಲರು ಹೇಳಿದ್ದಾರೆ,” ಎಂದರು ಟೀಚರ್.

“ಮಾಡು ಬೀಳುವ ಹಾಗೆ ಉಂಟು ಟೀಚರ್. ಬ್ಯಾಂಕಿನವರು ಸಾಲ ಕೊಡುವುದಿಲ್ಲ.”

“ಅದು ನನ್ನ ಅಪ್ಪ ಬಿಟ್ಟು ಹೋದ ನೆಲ. ಸರ್ಕಾರ ಕೊಟ್ಟದ್ದಲ್ಲ.”

“ಮನೆ ನನ್ನ ಅಜ್ಜಿ ಕಟ್ಟಿಸಿದ್ದು. ಅದನ್ನೂ ಸರ್ಕಾರ ಕೊಡಲಿಲ್ಲ.”

ಇಬ್ಬರೂ ಸ್ವರ ಏರಿಸಲಿಲ್ಲ. “ಲಿಫ್ಟು ಸರಿ ಇಲ್ಲ, ಮೆಟ್ಟಿಲಲ್ಲಿ ಜಾಗ್ರತೆ,” ಎಂದು ಹೇಳಿ ಟೀಚರ್ ಬಾಗಿಲು ಹಾಕಿಕೊಂಡರು.

ಆಮೇಲೆ ಹೋಗಲಿಲ್ಲ. ಕೇಸು ವರ್ಷದಿಂದ ವರ್ಷಕ್ಕೆ ಮುಂದೆ ಹೋಯಿತು. ಮಳೆಗಾಲದಲ್ಲಿ ಮಾಡಿಗೆ ಟಾರ್ಪಾಲು ಹೊದೆಸಿ ಒಂದೇ ಕೋಣೆಯಲ್ಲಿ ಮಲಗುತ್ತಿದ್ದೆ. ರಜೆಯ ದಿನ ಬಾಯಿಬಿಟ್ಟು ಒಂದು ಮಾತೂ ಆಡದೆ ಸಂಜೆಯಾದದ್ದು ಫೋನು ಬಂದು ‘ಹಲೋ’ ಎನ್ನುವಾಗ ಗಂಟಲು ಕಟ್ಟಿದಾಗಲೇ ಗೊತ್ತಾಗುತ್ತಿತ್ತು.

ನನ್ನ ಕೆಲಸ ಒಂದು ಖಾಸಗಿ ಆಸ್ಪತ್ರೆಯ ಲ್ಯಾಬಿನಲ್ಲಿ. ಒಂದು ಬೆಳಿಗ್ಗೆ ರಕ್ತ ಪರೀಕ್ಷೆಗೆ ಬಂದು ಎದುರಿನ ಕುರ್ಚಿಯಲ್ಲಿ ಕುಳಿತವರು ಟೀಚರ್. ಜೊತೆಗೆ ಯಾರೂ ಇರಲಿಲ್ಲ. ತುಂಬ ಇಳಿದುಹೋಗಿದ್ದರು. ತೋಳಿಗೆ ಪಟ್ಟಿ ಬಿಗಿದು ನರ ಹುಡುಕುತ್ತಾ, “ನನ್ನತ್ರ ಮಾತಾಡಬಾರದು ಅಂತ ಹೇಳಿದ್ದಾರಾ ವಕೀಲರು?” ಎಂದು ಕೇಳಿದೆ.

“ರಕ್ತ ಕೊಡಬಾರದು ಅಂತ ಹೇಳಿಲ್ಲ ಮಾರಾಯ್ತಿ,” ಎಂದರು. ನಾನು ನಕ್ಕೆ. ಅವರೂ ನಕ್ಕರು. ಸೂಜಿ ತೆಗೆದು ಹತ್ತಿ ಒತ್ತಿ ಹಿಡಿದಾಗ ಅವರ ಇನ್ನೊಂದು ಕೈ ನನ್ನ ಕೈಯ ಮೇಲೆ ಬಂತು.

“ಈ ಕೋರ್ಟು ಮುಗಿಯುವಾಗ ನಾನು ಇರುವುದಿಲ್ಲ. ನೀನೂ ಮುದುಕಿಯಾಗ್ತೀಯ. ಕಾನೂನು ಹೇಳಿತು ಅಂತ ನಾನು ಕೊಡುವುದಿಲ್ಲ, ಅದು ಬೇರೆ ಮಾತು. ನೀನು ಕೇಳು, ಕ್ರಯಕ್ಕೆ ಬರೆದುಕೊಡ್ತೇನೆ.”

“ಕೊಡಿ ಟೀಚರ್,” ಎಂದು ಅಲ್ಲೇ ಕೇಳಿದೆ. ಹೊರಗೆ ಮುಂದಿನವರ ಟೋಕನ್ ಕೂಗುತ್ತಿದ್ದರು.

ಪರಿಹಾರಕ್ಕೆಂದು ಕೂಡಿಟ್ಟಿದ್ದ ಹಣ ಕ್ರಯಕ್ಕೆ ಹೋಯಿತು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಮ್ಮಿಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದರು. ಸಾಕ್ಷಿಗೆ ತಮ್ಮ ಕಡೆಯವರನ್ನು ಕರೆತರಲು ಟೀಚರಿಗೆ ಊರಿನಲ್ಲಿ ಯಾರೂ ಇರಲಿಲ್ಲ. ಕೆಲಸದ ದಿನ ಬಿಟ್ಟು ಬರುವಂಥವರು ನನಗೂ ಇರಲಿಲ್ಲ. ಹಾರ್ಡ್‌ವೇರಿನವರೇ ಅಂಗಡಿ ಮುಚ್ಚಿ, ಭಾವನನ್ನೂ ಕರೆದುಕೊಂಡು ಬಂದು ಸಹಿ ಹಾಕಿದರು. ಕಂಪ್ಯೂಟರಿನ ಕ್ಯಾಮೆರಾದ ಮುಂದೆ ಕೂರುವ ಮೊದಲು ಟೀಚರ್ ಕೂದಲು ನೇರ್ಪು ಮಾಡಿಕೊಂಡರು. ಹೆಬ್ಬೆರಳು ಒತ್ತಿ ಹೊರಗೆ ಬಂದ ಮೇಲೆ, “ಇನ್ನು ನೀನು ನನ್ನ ಮನೆಗೆ ಬರಬೇಕಂತ ಏನೂ ಇಲ್ಲ,” ಎಂದರು.

“ಬರ್ತೇನೆ ಟೀಚರ್.”

ಹೋದೆ ಕೂಡ. ಆದರೆ ಗೇಣಿ ಎಂಬ ನೆಪವಿಲ್ಲದೆ ಹೇಗೆ ಕೂರಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಅವರು ಟಿವಿ ಹಾಕಿದರು, ನಾನು ಬೇಗ ಎದ್ದೆ. ಕೆಲವು ತಿಂಗಳ ಮೇಲೆ ಟೀಚರನ್ನು ಅವರ ಅಣ್ಣನ ಮಗಳು ಗೋವಾಕ್ಕೆ ತನ್ನಲ್ಲಿಗೆ ಕರೆದುಕೊಂಡು ಹೋದಳು. ಹೊರಡುವ ಮೊದಲು ಟೀಚರ್ ಫೋನು ಮಾಡಿದ್ದರು. ನಾನು ಡ್ಯೂಟಿಯಲ್ಲಿದ್ದೆ, ಎತ್ತಲಾಗಲಿಲ್ಲ. ತಿರುಗಿ ಮಾಡಿದಾಗ ಸ್ವಿಚ್ ಆಫ್.

ಸಾಲ ಸಿಕ್ಕಿತು. ಗೋಡೆ ಎದ್ದಿತು, ಮಾಡು ಹೊಸತಾಯಿತು, ಹಿಂದುಗಡೆ ಒಂದು ಕೋಣೆಯೂ ಬಂತು. ಕೆಲಸ ಮುಗಿದ ಮೇಲೆ ಬ್ಯಾಂಕಿನಿಂದ ಒಬ್ಬ ಯುವಕ ಬಂದು ಹೊಸ ಕೋಣೆಯ ನಾಲ್ಕೂ ಮೂಲೆಯ ಫೋಟೋ ತೆಗೆದ. ಅವನೇ ಆ ಕೋಣೆಗೆ ಕಾಲಿಟ್ಟ ಮೊದಲ ಅತಿಥಿ. ಕೂತುಕೊಳ್ಳಿ ಎಂದೆ.

“ಇಲ್ಲ ಮೇಡಂ, ಇನ್ನೂ ವಾಮಂಜೂರಿಗೆ ಹೋಗ್ಲಿಕ್ಕುಂಟು,” ಎಂದು ಅವನು ಹೆಲ್ಮೆಟ್ ಹಾಕಿಕೊಂಡ. ಗೇಟಿನವರೆಗೆ ಅವನ ಜೊತೆ ನಡೆದೆ. ಬೈಕು ಓಣಿ ದಾಟಿದ ಮೇಲೂ ಅಲ್ಲಿಯೇ ನಿಂತಿದ್ದೆ.